ಕಥೆಯಲ್ಲಿ ಖಳನನ್ನು ನಂಬುವಂತೆ ಕಟ್ಟುವುದು ಹೇಗೆ

ಹೊಸದಾಗಿ ಕಾದಂಬರಿಗೆ ಕೈಹಾಕಿದವರ ಹಸ್ತಪ್ರತಿಗಳಲ್ಲಿ ಖಳ ಕಾಣಿಸಿಕೊಳ್ಳುವ ಪುಟಗಳನ್ನಷ್ಟೇ ಬೇರೆಯಾಗಿ ತೆಗೆದು ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ನಾಯಕಿ ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ, ಯಾರ ಮೇಲೆ ಅವಳಿಗೆ ಮುನಿಸು, ಯಾವ ಸಾಲ ಅವಳ ನಿದ್ದೆ ಕೆಡಿಸಿದೆ ಎಂಬುದೆಲ್ಲ ಪುಸ್ತಕದಲ್ಲಿರುತ್ತದೆ. ಖಳನಿಗೆ ಮಾತ್ರ ಬೆಳಗೂ ಇಲ್ಲ, ಸಾಲವೂ ಇಲ್ಲ, ಊಟಕ್ಕೆ ಕಾಯುವವರೂ ಇಲ್ಲ. ನಾಯಕಿಗೆ ತೊಂದರೆಯಾಗಬೇಕಾದ ಗಳಿಗೆಗೆ ಸರಿಯಾಗಿ ಬರುತ್ತಾನೆ, ತೊಂದರೆ ಕೊಡುತ್ತಾನೆ, ಹೋಗುತ್ತಾನೆ. ಲೇಖಕರು ಇದನ್ನು ಗುರುತಿಸಿದಾಗಲೂ ಅವನ ಕ್ರೌರ್ಯವನ್ನು ಇನ್ನಷ್ಟು ಹೆಚ್ಚಿಸಿ ಸರಿಪಡಿಸಲು ನೋಡುತ್ತಾರೆ. ಅದರಿಂದ ಪಾತ್ರ ಮತ್ತಷ್ಟು ದೂರ ಹೋಗುತ್ತದೆ, ಏಕೆಂದರೆ ಅವನಿಗೆ ಬೇಕಾಗಿರುವುದು ತನ್ನದೇ ಆದ ಒಂದು ಬದುಕು ಮತ್ತು ಆ ಬದುಕಿನ ಒಳಗೆ ನಿಂತು ನೋಡಿದಾಗ ಸರಿಯೆನಿಸುವ ಒಂದು ಲೆಕ್ಕ.

ಆ ಲೆಕ್ಕವನ್ನು ಕಟ್ಟುವ ಕೆಲಸವನ್ನು ಒಂದೇ ಪಾತ್ರದ ಮೂಲಕ ಇಲ್ಲಿ ತೋರಿಸುತ್ತೇನೆ. ಉದಾಹರಣೆಗೆ ಕೊಲೆಗಡುಕನನ್ನೋ ಭೂಗತ ಜಗತ್ತಿನ ದೊರೆಯನ್ನೋ ತೆಗೆದುಕೊಳ್ಳದೆ, ತುಮಕೂರು ಕಡೆಯ ಒಂದು ಊರಿನಲ್ಲಿ, ಹೆದ್ದಾರಿಗೆ ತಾಗಿಕೊಂಡ ಎರಡು ಎಕರೆ ಜಮೀನಿನಲ್ಲಿ ತಂಗಿಗೆ ಬರಬೇಕಾದ ಪಾಲನ್ನು ಬರೆಸಿಕೊಳ್ಳುವ ಅಣ್ಣನನ್ನು ತೆಗೆದುಕೊಂಡಿದ್ದೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಾಗಿದ್ದೂ ಆ ಹಕ್ಕು ಒಂದು ಸಹಿಯಲ್ಲಿ ಹೋಗಿಬಿಡುವುದನ್ನು ನಮ್ಮಲ್ಲಿ ಅನೇಕರು ಸ್ವಂತ ಮನೆಯಲ್ಲೇ ಕಂಡಿದ್ದೇವೆ. ರಕ್ತ ಹರಿಯದ ಇಂಥ ಅನ್ಯಾಯವನ್ನು ಬರೆಯಬಲ್ಲವರಿಗೆ ದೊಡ್ಡ ದುಷ್ಟರನ್ನು ಬರೆಯುವುದೂ ಬರುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲು ಅವನ ಅರ್ಥ ಹೇಳಿ

ಖಳನ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವ ಮೊದಲು ಅವನಾಗಿ ಮಾತಾಡಿ. ಇದಕ್ಕೆ ಕರಾವಳಿಯ ತಾಳಮದ್ದಲೆಗಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ಯಕ್ಷಗಾನದ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ಕಲೆ ಅದು; ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಆ ಪಾತ್ರವಾಗಿ ಮಾತಾಡಬೇಕು; ಆ ಮಾತಿಗೇ ‘ಅರ್ಥ’ ಎಂದು ಹೆಸರು. ಮಾತು ಬರೆದಿಟ್ಟದ್ದಲ್ಲ; ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಅಲ್ಲಿಯೇ, ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ರಾವಣ, ವಾಲಿಯಂಥ ಪಾತ್ರಗಳಿಗೆ ಶೇಣಿ ಗೋಪಾಲಕೃಷ್ಣ ಭಟ್ಟರು ಹೆಸರಾದದ್ದು ಈ ಕಲೆಯಲ್ಲಿ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ಕೇಳುವಾಗ, ಎದುರಿಗೆ ಕುಳಿತ ರಾಮಭಕ್ತರಿಗೂ ಆ ಪ್ರಶ್ನೆಯನ್ನು ತಳ್ಳಿಹಾಕಲು ಆಗಬಾರದು. ಹಾಗೆ ತಳ್ಳಿಹಾಕುವಂತಿದ್ದರೆ ಅರ್ಥ ಸೋತಿತೆಂದೇ ಲೆಕ್ಕ. ವಾಲಿಯ ಅರ್ಥ ಹೇಳುವವರು ವಾಲಿಯನ್ನು ಕ್ಷಮಿಸಬೇಕಾಗಿಲ್ಲ, ಆದರೆ ಅವನ ಬಳಿಯಿರುವ ಒಂದು ವಾದವನ್ನೂ ಬಚ್ಚಿಡುವಂತಿಲ್ಲ.

ನಮ್ಮ ಅಣ್ಣನಿಗೂ ಹೀಗೆಯೇ ಎರಡು ಪುಟ ಅರ್ಥ ಬರೆಯಿರಿ. ಇದು ಕಾದಂಬರಿಯಲ್ಲಿ ಅಚ್ಚಾಗಬೇಕಾದ ಭಾಗವಲ್ಲ, ಆದ್ದರಿಂದ ಶೈಲಿಯ ಚಿಂತೆ ಬೇಡ. ಅದು ಹೀಗೆ ಆರಂಭವಾಗಬಹುದು: “ಅಪ್ಪ ಹೋದಾಗ ನನಗಿನ್ನೂ ಇಪ್ಪತ್ತೆರಡು. ಬೆಂಗಳೂರಿಗೆ ಹೋಗಿ ಏನಾದರೂ ಆಗಬೇಕೆಂದಿದ್ದವನು ಊರಲ್ಲೇ ಉಳಿದೆ. ಇವಳ ಮದುವೆಗೆ ಸೊಸೈಟಿಯಲ್ಲಿ ತೆಗೆದ ಸಾಲ ತೀರಿಸಿದ್ದು ನಾನು. ಎರಡು ಬೋರ್‌ವೆಲ್ ಫೇಲಾದಾಗ ಹೆಂಡತಿಯ ಸರ ಅಡ ಇಟ್ಟದ್ದು ನಾನು. ಅಮ್ಮನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಕರೆದುಕೊಂಡು ತಿರುಗಿದ್ದೂ ನಾನೇ. ಈಗ ರಸ್ತೆ ಅಗಲವಾಗಿ ಎಕರೆಗೆ ಇಷ್ಟು ಅಂದ ಮೇಲೆ ಎಲ್ಲರಿಗೂ ಕಾನೂನು ನೆನಪಾಗುತ್ತದೆ. ಕಳೆ ಕೀಳುವಾಗ ಈ ಪಾಲು ಎಲ್ಲಿತ್ತು?”

ಇದರಲ್ಲಿ ಒಂದೂ ಸುಳ್ಳಿಲ್ಲ ಎಂಬುದನ್ನು ಗಮನಿಸಿ. ಸಾಲ ತೀರಿಸಿದ್ದಕ್ಕೆ ಅವನ ಬಳಿ ರಸೀದಿಗಳಿವೆ, ಸರ ಅಡ ಇಟ್ಟದ್ದು ನಿಜ, ಅಮ್ಮನ ಆರೈಕೆಯೂ ನಿಜ. ಇಷ್ಟು ಬರೆದ ಮೇಲೆ ಲೇಖಕರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಇವನು ಬರೆಯದೆ ಬಿಟ್ಟ ಬಾಬ್ತು ಯಾವುದು? ತಂಗಿ ಹತ್ತನೆಯ ತರಗತಿಗೆ ಶಾಲೆ ಬಿಟ್ಟು ಮದುವೆಯಾಗುವವರೆಗೆ ಮನೆಯ ಹಸುಗಳನ್ನು ನೋಡಿಕೊಂಡಳು. ದಿನಕ್ಕೆರಡು ಸಲ ಡೈರಿಗೆ ಹಾಲು ಹಾಕಿದಳು. ಮೂರನೆಯ ಬೋರ್‌ವೆಲ್‌ನಲ್ಲಿ ನೀರು ಬಿದ್ದದ್ದು ಆ ಹಾಲಿನ ದುಡ್ಡಿನಿಂದ. ಅಣ್ಣ ಇದನ್ನು ಮರೆತಿಲ್ಲ, ಮುಚ್ಚಿಟ್ಟೂ ಇಲ್ಲ. ಮನೆಯ ಹೆಣ್ಣುಮಗಳು ಮಾಡಿದ ಕೆಲಸ ಅವನ ಕಣ್ಣಿಗೆ ಎಂದೂ ಜಮಾ ಕಡೆ ಬರೆಯುವಂಥದ್ದಾಗಿ ಕಂಡಿಲ್ಲ, ಅಷ್ಟೆ. ಅವನು ಖಳನಾಗುವುದು ಈ ಜಾಗದಲ್ಲಿ. ಬರೆದ ಬಾಬ್ತುಗಳೆಲ್ಲ ನಿಜವಾಗಿದ್ದು ಬಿಟ್ಟ ಬಾಬ್ತು ಒಂದೇ ಒಂದು ಇದ್ದಾಗ, ಓದುಗರು ಅವನೊಂದಿಗೆ ಬಹುದೂರ ನಡೆದುಬಂದು, ಆ ಒಂದು ಸಾಲು ಕಣ್ಣಿಗೆ ಬಿದ್ದ ಕೂಡಲೇ ಬೆಚ್ಚಿ ನಿಲ್ಲುತ್ತಾರೆ.

ಆದ್ದರಿಂದ ನಿಮ್ಮ ಖಳ ಯಾರೇ ಆಗಿರಲಿ, ಅವನ ಅರ್ಥ ಬರೆದು ಮುಗಿದ ಮೇಲೆ ಅವನು ಬಿಟ್ಟ ಬಾಬ್ತನ್ನು ಬೇರೆ ಹಾಳೆಯಲ್ಲಿ ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ಕಾದಂಬರಿ ಅದನ್ನು ಯಾವ ಪುಟದಲ್ಲಿ, ಯಾರ ಬಾಯಿಂದ ಅಥವಾ ಯಾವ ವಸ್ತುವಿನ ಮೂಲಕ ಹೊರಗೆ ತರುತ್ತದೆ ಎಂಬುದು ನಿಮ್ಮ ಕಥನದ ಮುಖ್ಯ ತೀರ್ಮಾನಗಳಲ್ಲಿ ಒಂದು.

ಗಾಯ ಮೊದಲು, ಶೋಕ ಆಮೇಲೆ

ಖಳನಿಗೆ ಅಂತಃಕರಣ ಕೊಡಿ ಎಂಬ ಸಲಹೆಯನ್ನು ಎಲ್ಲರೂ ಕೇಳಿರುತ್ತಾರೆ. ಅದನ್ನು ಪಾಲಿಸುವಾಗ ಯಾವುದು ಮೊದಲು ಬರಬೇಕು, ಯಾವುದು ಆಮೇಲೆ ಎಂಬುದನ್ನು ಹೇಳುವವರು ಕಡಿಮೆ. ಹತ್ತನೆಯ ಶತಮಾನದ ರನ್ನನಿಂದ ಇದನ್ನು ಕಲಿಯಬಹುದು. ಅವನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಗದಾಯುದ್ಧವನ್ನು ಬರೆದ; ಅಂದರೆ ಕಾವ್ಯದ ನಾಯಕ ಯಾರೆಂಬುದು ಮೊದಲೇ ತೀರ್ಮಾನವಾಗಿತ್ತು. ಆದರೂ ಆ ಕಾವ್ಯವನ್ನು ಓದಿದವರ ಮನಸ್ಸಿನಲ್ಲಿ ಉಳಿಯುವುದು ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ. ಬಿದ್ದ ದುಶ್ಶಾಸನನನ್ನು ಕಂಡಾಗ ಅವನು ಹೇಳುವ ಮಾತಿನ ಭಾವ ಇಷ್ಟು: ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು, ಎಳವೆಯಿಂದ ಎಲ್ಲದರಲ್ಲೂ ನನ್ನ ಹಿಂದೆಯೇ ಬಂದವನು ಸಾವಿನಲ್ಲಿ ಮಾತ್ರ ನನಗಿಂತ ಮುಂಚೆ ಹೋದೆಯಲ್ಲ. ಶತ್ರುಪಕ್ಷದ ಅಭಿಮನ್ಯುವಿನ ಶವದ ಮುಂದೆ ನಿಂತಾಗ, ನಿನ್ನ ಸಾಹಸದ ಒಂದಂಶವಿರುವ ಸಾವಾದರೂ ನನಗೆ ಸಿಗಲಿ ಎಂದು ಬೇಡುತ್ತಾನೆ. ಕರ್ಣನ ಹುಟ್ಟಿನ ಗುಟ್ಟು ತನಗೆ ಗೊತ್ತಿತ್ತು ಎಂಬುದು ಕರ್ಣನ ಶವದ ಮುಂದೆ ಅವನ ಬಾಯಿಂದಲೇ ಹೊರಬೀಳುತ್ತದೆ. ಗೆಳೆತನ ಎಷ್ಟು, ಉಪಯೋಗ ಎಷ್ಟು ಎಂದು ಬಿಡಿಸಿ ಹೇಳಲಾಗದ ಜಾಗಕ್ಕೆ ಆ ಒಂದು ಅರಿವು ನಮ್ಮನ್ನು ತಂದು ನಿಲ್ಲಿಸುತ್ತದೆ.

ಆದರೆ ರನ್ನ ಈ ಶೋಕಕ್ಕೆ ಬರುವ ಮೊದಲೇ ಮುಡಿ ಬಿಚ್ಚಿದ ದ್ರೌಪದಿಯನ್ನು ಭೀಮನ ಎದುರು ಮಾತಾಡಿಸಿರುತ್ತಾನೆ. ತುಂಬಿದ ಸಭೆಯಲ್ಲಿ ಅವಳಿಗಾದ ಅವಮಾನ ನಮ್ಮ ಮುಂದೆ ತೆರೆದೇ ಇದೆ. ಆ ಗಾಯ ಮೊದಲು ಕಂಡಿರುವುದರಿಂದಲೇ ದುರ್ಯೋಧನನ ಕಣ್ಣೀರು ಅವನ ತಪ್ಪನ್ನು ತೊಳೆದುಬಿಡುವುದಿಲ್ಲ. ಎರಡೂ ಒಟ್ಟಿಗೆ ನಮ್ಮ ಎದೆಯಲ್ಲಿ ಉಳಿಯುತ್ತವೆ. ಇದನ್ನು ತಿರುವುಮುರುವು ಮಾಡಿ ನೋಡಿ. ಅಣ್ಣನ ಬಾಲ್ಯದ ಬಡತನ, ಅವನು ಬಿಟ್ಟುಕೊಟ್ಟ ಕನಸು, ಅಡವಿಟ್ಟ ಸರ ಇವುಗಳಿಂದಲೇ ಕಾದಂಬರಿ ಆರಂಭವಾದರೆ, ತಂಗಿ ಕೊನೆಗೆ ಕೋರ್ಟಿಗೆ ಹೋದಾಗ ಓದುಗರು ಅವಳನ್ನೇ ಆಸೆಬುರುಕಿ ಎನ್ನುತ್ತಾರೆ. ಅವಳು ಕಳೆದುಕೊಂಡದ್ದೇನು ಎಂಬುದು ಕಣ್ಣಿಗೆ ಕಟ್ಟುವಂತೆ ಮೊದಲು ಬರಲಿ. ಗಂಡನ ಮನೆಯಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದಾಗಲೆಲ್ಲ “ನನಗೂ ಊರಲ್ಲಿ ಒಂದು ತುಂಡು ಭೂಮಿ ಇದೆ” ಎಂದು ಒಳಗೊಳಗೇ ಧೈರ್ಯ ತಂದುಕೊಳ್ಳುವ ಹೆಂಗಸನ್ನು ಎರಡು ಅಧ್ಯಾಯ ನಮ್ಮೊಡನೆ ಇರಗೊಟ್ಟು, ಆಮೇಲೆ ಅಣ್ಣನ ರಸೀದಿಗಳನ್ನು ಬಿಚ್ಚಿರಿ.

ಅವನು ದಾಟದ ಗೆರೆ

ಎಲ್ಲವನ್ನೂ ಮಾಡಲು ಸಿದ್ಧನಿರುವ ಖಳನ ಬಗ್ಗೆ ಓದುಗರಿಗೆ ಬೇಗ ಬೇಸರ ಬರುತ್ತದೆ, ಏಕೆಂದರೆ ಮುಂದೇನು ಎಂಬ ಆತಂಕಕ್ಕೆ ಅಲ್ಲಿ ಜಾಗವಿಲ್ಲ. ಇಂಥದ್ದನ್ನು ನಾನು ಮಾಡುವುದಿಲ್ಲ ಎಂಬ ಒಂದು ಗೆರೆ ಅವನಿಗಿದ್ದಾಗ ಪಾತ್ರಕ್ಕೆ ಒಳಜಗಳ ಹುಟ್ಟುತ್ತದೆ. ಜೈನ ಪರಂಪರೆಯ ರಾಮಾಯಣವನ್ನು ಬರೆದ ನಾಗಚಂದ್ರನ ರಾವಣ, ಒಲ್ಲದ ಪರಸ್ತ್ರೀಯನ್ನು ಮುಟ್ಟುವುದಿಲ್ಲ ಎಂಬ ವ್ರತ ತೊಟ್ಟವನು. ಸೀತೆಯನ್ನು ಕಂಡು ಮನಸ್ಸು ಕೆಟ್ಟಾಗ ಆ ವ್ರತವೇ ಅವನನ್ನು ಇಬ್ಬಂದಿಗೆ ಸಿಲುಕಿಸುತ್ತದೆ. ಕೊನೆಗೆ ಅವಳ ನಿಷ್ಠೆಯನ್ನು ಕಂಡು ಮನಸ್ಸು ತಿರುಗಿ ಅವಳನ್ನು ಒಪ್ಪಿಸಿಬಿಡಲು ತೀರ್ಮಾನಿಸುತ್ತಾನೆ. ಆದರೆ ಯುದ್ಧಕ್ಕೆ ಮೊದಲೇ ಒಪ್ಪಿಸಿದರೆ ಹೆದರಿದನೆಂದು ಜನ ಆಡಿಕೊಳ್ಳುತ್ತಾರೆ, ಗೆದ್ದೇ ಒಪ್ಪಿಸುತ್ತೇನೆ ಎಂದು ಹೊರಡುತ್ತಾನೆ. ಸರಿಯಾದ ನಿರ್ಧಾರಕ್ಕೆ ಬಂದೂ ಅಭಿಮಾನದಿಂದ ಹಾಳಾಗುವ ಈ ತಿರುವು ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡದಲ್ಲಿ ಬರೆದದ್ದು ಎಂಬುದು ಖಳಪಾತ್ರವನ್ನು ಹೊರಗಿನ ಮಾದರಿಗಳಲ್ಲೇ ಹುಡುಕುವವರು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

ನಮ್ಮ ಅಣ್ಣನ ಗೆರೆ ಯಾವುದು? ಅವನು ತಂಗಿಯ ಸಹಿಯನ್ನು ಫೋರ್ಜರಿ ಮಾಡುವುದಿಲ್ಲ. ಪತ್ರ ಬರಹಗಾರ ಅಂಥದ್ದೊಂದು ದಾರಿ ಸೂಚಿಸಿದಾಗ ಅವನಿಗೆ ನಿಜವಾಗಿಯೂ ಅಸಹ್ಯವಾಗುತ್ತದೆ. “ನನ್ನ ತಂಗಿ ಕಣಯ್ಯ ಅವಳು” ಎಂದು ಗದರುತ್ತಾನೆ. ಗೆರೆ ದಾಟದಿರುವ ಈ ಹಟವೇ ಅವನನ್ನು ಇನ್ನೂ ಕೆಟ್ಟದ್ದಕ್ಕೆ ಒಯ್ಯುತ್ತದೆ: ಸಹಿಯನ್ನು ಅವಳ ಕೈಯಿಂದಲೇ, ಅವಳ ಪ್ರೀತಿಯನ್ನು ಬಳಸಿಕೊಂಡೇ ಪಡೆಯಬೇಕಾಗುತ್ತದೆ.

ದೃಶ್ಯವೊಂದನ್ನು ಹತ್ತಿರದಿಂದ

ಗೌರಿ ಹಬ್ಬದ ಹಿಂದಿನ ಸಂಜೆ ಅಣ್ಣ ತಂಗಿಯ ಮನೆಗೆ ಬರುತ್ತಾನೆ. ಚೀಲದಿಂದ ಬಾಗಿನದ ಸೀರೆ, ಬಳೆ, ಅರಿಶಿನ ಕುಂಕುಮದ ಪೊಟ್ಟಣ, ಅವಳ ಮಗಳಿಗೆಂದು ತಂದ ಜಾಮಿಟ್ರಿ ಬಾಕ್ಸು ಒಂದೊಂದಾಗಿ ಹೊರಗೆ ಬರುತ್ತವೆ. ಫೈಲು ಚೀಲದಲ್ಲೇ ಇದೆ. ಕಾಫಿ ಕುಡಿದು, ಹುಡುಗಿಯ ಗಣಿತದ ಅಂಕ ಕೇಳಿ, ಅಮ್ಮನ ಮಂಡಿನೋವಿನ ವಿಷಯ ಹೇಳಿದ ಮೇಲೆ ಅವನು ಮಾತು ತೆಗೆಯುತ್ತಾನೆ.

“ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಐತೆ ಕಣಮ್ಮ. ಎಲ್ಲಿ ಅರ್ಜಿ ಹಾಕೋಕೆ ಹೋದ್ರೂ ಆಗಲ್ಲ ಅಂತಾರೆ. ನೀನೊಂದು ಸಹಿ ಹಾಕಿಕೊಟ್ರೆ ನನ್ನ ಹೆಸರಿಗೆ ಮಾಡಿಸ್ಕೊತೀನಿ.”

“ಪೌತಿ ಖಾತೆಗಾ ಅಣ್ಣ?”

“ಅಂಥದ್ದೇ. ಓದಿ ನೋಡು. ಓದದೆ ಯಾವುದಕ್ಕೂ ಸಹಿ ಹಾಕಬಾರದು.”

ಅವಳು ಓದಲು ಆರಂಭಿಸುತ್ತಾಳೆ. ಹಕ್ಕು ಬಿಡುಗಡೆ ಪತ್ರದ ಭಾಷೆ ಮೂರನೆಯ ಸಾಲಿಗೇ ಸಿಕ್ಕಾಗುತ್ತದೆ: ಷೆಡ್ಯೂಲು ಸ್ವತ್ತು, ಸಕಲ ಹಕ್ಕುಬಾಧ್ಯತೆಗಳು, ತಕರಾರು ಇರುವುದಿಲ್ಲ. ತಲೆಯೆತ್ತಿ ನೋಡಿದರೆ ಅಣ್ಣ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡುತ್ತಾ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ.

“ಬೇಡ ಅನ್ನಿಸಿದ್ರೆ ಬಿಡಮ್ಮ. ನಿನ್ನ ಮನಸ್ಸು ನೋಯಿಸಿ ನನಗೇನಾಗಬೇಕು?”

“ನೀನು ನನಗೆ ಮೋಸ ಮಾಡ್ತೀಯಾ ಅಣ್ಣ?” ಎಂದು ಅವಳು ನಗುತ್ತಾ ಕಾಗದ ಮಡಚಿ ವಾಪಸು ಕೊಡುತ್ತಾಳೆ. ಹಬ್ಬ ಕಳೆದ ಸೋಮವಾರ ಹತ್ತು ಗಂಟೆಗೆ ಗಾಡಿ ಕಳಿಸುವುದೆಂದೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ಫೋಟೋ, ಹೆಬ್ಬೆಟ್ಟು ಕೊಟ್ಟರೆ ಸಾಕೆಂದೂ ಮಾತಾಗುತ್ತದೆ.

ಈ ದೃಶ್ಯದಲ್ಲಿ ಅಣ್ಣ ಆಡಿದ ಸುಳ್ಳು “ಅಂಥದ್ದೇ” ಎಂಬ ಒಂದೇ ಮಾತು. ಪೌತಿ ಖಾತೆಯೆಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದಷ್ಟೇ; ಹಕ್ಕು ಬಿಡುಗಡೆ ಪತ್ರದಲ್ಲಿ ಅವಳು ತನ್ನ ಪಾಲನ್ನೇ ಬಿಟ್ಟುಕೊಡುತ್ತಾಳೆ. ಉಳಿದದ್ದೆಲ್ಲ ನಿಜ, ಓದು ಎಂದು ಅವನೇ ಹೇಳಿದ. ಕೆಲಸ ಮಾಡಿದ್ದು ಅವನ ಬಲವಂತಕ್ಕಿಂತ ಹೆಚ್ಚಾಗಿ ಅವಳ ಸಂಕೋಚ, ಮತ್ತು ಆ ಸಂಕೋಚ ಕೆಲಸ ಮಾಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾಗಿನದ ಸೀರೆ ಎದುರಿಗಿರುವಾಗ ಅಣ್ಣನ ಕಾಗದವನ್ನು ಅನುಮಾನದಿಂದ ಓದುವ ಹೆಣ್ಣು ನಮ್ಮ ಊರುಗಳಲ್ಲಿ ಎಷ್ಟು ಜನ ಸಿಗುತ್ತಾರೆ? ಖಳನ ಶಕ್ತಿಯನ್ನು ಅವನ ಎದುರಾಳಿಯ ಒಳ್ಳೆಯ ಗುಣದಲ್ಲೇ ಹುಡುಕಿ. ಹದಿಮೂರನೆಯ ಶತಮಾನದ ಕವಿ ಜನ್ನನ ‘ಅನಂತನಾಥ ಪುರಾಣ’ದ ಚಂಡಶಾಸನ ತನ್ನ ಗೆಳೆಯನ ಮನೆಗೆ ಅತಿಥಿಯಾಗಿ ಬಂದೇ ಗೆಳೆಯನ ಹೆಂಡತಿಯನ್ನು ಅಪಹರಿಸುತ್ತಾನೆ. ಕೋಟೆ ಒಡೆದು ಬಂದವನಿಗಿಂತ ಅವನು ನಮ್ಮನ್ನು ಹೆಚ್ಚು ಕಲಕುವುದಕ್ಕೆ ಆ ಮನೆಯಲ್ಲಿ ಅವನಿಗೆ ಸಿಕ್ಕ ಆದರವೇ ಕಾರಣ.

ಸಂಭಾಷಣೆಯ ಬಗ್ಗೆಯೂ ಇಲ್ಲೇ ಒಂದು ಮಾತು ಸೇರಿಸಬೇಕು. ಬೆದರಿಕೆಯ ಮಾತನ್ನು ಖಳನ ಬಾಯಲ್ಲಿ ಎಷ್ಟು ಕಡಿಮೆ ಇಟ್ಟರೆ ಅಷ್ಟು ಒಳ್ಳೆಯದು. ಅಧಿಕಾರ ಇರುವವನಿಗೆ ಗಟ್ಟಿಯಾಗಿ ಮಾತಾಡುವ ಅಗತ್ಯ ಬೀಳುವುದಿಲ್ಲ. ದನಿ ಏರಿತೆಂದರೆ ಅಧಿಕಾರ ಜಾರುತ್ತಿದೆ ಎಂದೇ ಅರ್ಥ, ಮತ್ತು ಆ ಏರಿಕೆಯನ್ನು ಕಾದಂಬರಿಯ ಉತ್ತರಾರ್ಧಕ್ಕೆ ಉಳಿಸಿಕೊಳ್ಳುವುದು ಲಾಭಕರ. ಅಣ್ಣ ಮೊದಲ ಸಲ ತಂಗಿಯನ್ನು ಏಕವಚನದ ಸಲಿಗೆ ಬಿಟ್ಟು “ನೀವು ಕೋರ್ಟಿಗೆ ಹೋಗಿದ್ದೀರಂತಲ್ಲ” ಎಂದಾಗ ಅವಳಿಗೆ ತವರು ಮುಗಿದುಹೋಗಿರುತ್ತದೆ. ಆ ಒಂದು ಬಹುವಚನ ಹತ್ತು ಬೈಗುಳಗಳಿಗಿಂತ ಭಾರವಾಗಿ ಬೀಳುತ್ತದೆ.

ಬರುವ ಮುಂಚೆ ಬರುವುದು

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ, ಅಂದರೆ ರಕ್ಕಸ ಪಾತ್ರ, ರಂಗಕ್ಕೆ ಬರುವಾಗ ಮೊದಲು ತೆರೆ ಹಿಡಿಯುತ್ತಾರೆ. ಆರ್ಭಟ ಕೇಳುತ್ತದೆ, ಚೆಂಡೆ ಏರುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟ ಕಾಣಿಸಿ ಮರೆಯಾಗುತ್ತದೆ. ಮುಖ ಪೂರ್ತಿ ಕಾಣುವ ಹೊತ್ತಿಗೆ ಪ್ರೇಕ್ಷಕರ ಮನಸ್ಸಿನಲ್ಲಿ ರಕ್ಕಸ ಆಗಲೇ ಕುಳಿತುಬಿಟ್ಟಿರುತ್ತಾನೆ. ಗದ್ಯದಲ್ಲಿ ಈ ತೆರೆಯ ಕೆಲಸವನ್ನು ಇತರ ಪಾತ್ರಗಳ ಮಾತು ಮಾಡಬೇಕು. ಆದರೆ “ಅವನು ಬಹಳ ಅಪಾಯದ ಮನುಷ್ಯ” ಎಂದು ಯಾರೋ ಹೇಳುವಂತೆ ಮಾಡುವುದು ಅತಿ ಸುಲಭದ ದಾರಿ. ನಮ್ಮ ಕಥೆಯಲ್ಲಿ ಅಣ್ಣ ಬರುವ ಮುಂಚೆ ನೆರೆಮನೆಯವರು, ಅತ್ತೆ, ಗಂಡ ಎಲ್ಲರೂ ಅವನನ್ನು ಹೊಗಳಲಿ. “ಅಂಥ ಅಣ್ಣ ಸಿಗೋಕೆ ಪುಣ್ಯ ಮಾಡಿರಬೇಕು” ಎಂಬ ಮಾತು ಎರಡು ಸಲ ಬರಲಿ. ಮುಂದೆ ತಂಗಿ ದೂರು ಹೇಳಿದಾಗ ಯಾರೂ ಅವಳನ್ನು ನಂಬದಿರಲು ಈ ಹೊಗಳಿಕೆಯೇ ಕಾರಣವಾಗುತ್ತದೆ.

ಬಣ್ಣದ ವೇಷದ ಮುಖವರ್ಣಿಕೆ ರಂಗಭೂಮಿ ಮತ್ತು ಪ್ರೇಕ್ಷಕರ ನಡುವಿನ ಒಂದು ಒಪ್ಪಂದ; ಅದನ್ನು ಕಾದಂಬರಿಗೆ ತರಬಾರದು. ಕುಂಟುಗಾಲು, ಮೆಳ್ಳೆಗಣ್ಣು, ಮುಖದ ಗಾಯ, ಕಪ್ಪು ಮೈಬಣ್ಣ, ಒಂದು ಜಾತಿಯ ಅಥವಾ ಧರ್ಮದ ಹೆಸರು, ಒಂದು ಸೀಮೆಯ ಆಡುನುಡಿ ಇವುಗಳಿಂದ ಖಳನನ್ನು ಗುರುತಿಸುವ ಚಾಳಿ ನಮ್ಮ ಜನಪ್ರಿಯ ಕಥೆಗಳಲ್ಲೂ ಸಿನಿಮಾಗಳಲ್ಲೂ ಬಹುಕಾಲದಿಂದ ಇದೆ. ಇದು ಕಲೆಯ ದೃಷ್ಟಿಯಿಂದ ಸೋಮಾರಿತನ. ಅದಕ್ಕಿಂತ ಮುಖ್ಯವಾಗಿ, ಆ ಗುರುತುಗಳನ್ನು ಹೊತ್ತು ಬದುಕುತ್ತಿರುವ ನಿಜವಾದ ಜನರಿಗೆ ಮಾಡುವ ಅನ್ಯಾಯ. ನಿಮ್ಮ ಹಸ್ತಪ್ರತಿಯಲ್ಲಿ ಎಲ್ಲರೂ ಶಿಷ್ಟ ಕನ್ನಡ ಮಾತಾಡುತ್ತಿದ್ದು ಖಳನೊಬ್ಬನೇ ಉತ್ತರ ಕರ್ನಾಟಕದ ಮಾತನ್ನೋ ಕೇರಿಯ ಮಾತನ್ನೋ ಆಡುತ್ತಿದ್ದರೆ ಆ ಪುಟವನ್ನು ಮತ್ತೆ ಬರೆಯಿರಿ.

ಹಳೆಯ ಪೆಟ್ಟಿನ ವಿವರಣೆಗೂ ಇದೇ ಎಚ್ಚರ ಬೇಕು. ಬಾಲ್ಯದಲ್ಲಿ ಆದ ಒಂದು ಅವಮಾನದಿಂದ ಮನುಷ್ಯ ಹಾಗಾದ ಎಂದು ಒಂದೇ ಹಿನ್ನೋಟದ ಅಧ್ಯಾಯದಲ್ಲಿ ತೀರಿಸಿಬಿಡುವ ರೂಢಿ ಈಗ ಹೆಚ್ಚಾಗಿದೆ. ಅದೇ ಅವಮಾನವನ್ನು ಉಂಡ ಹತ್ತು ಜನ ಹಾಗಾಗಿರುವುದಿಲ್ಲ. ಗಾಯಕ್ಕಿಂತ ಆಯ್ಕೆಯನ್ನು ಬರೆಯಿರಿ. ಬೇರೆ ದಾರಿ ಅವನಿಗೆ ಕಂಡ ಕ್ಷಣ, ಅದನ್ನು ಬಿಟ್ಟು ಈ ದಾರಿ ಹಿಡಿದ ಕ್ಷಣ ಇವೆರಡೂ ಪುಸ್ತಕದಲ್ಲಿ ಇರಲಿ. ದುಷ್ಟತನದ ಬೇರು ಒಳ್ಳೆಯ ಭಾವದಲ್ಲೂ ಇರಬಹುದೆಂಬುದಕ್ಕೆ ಕುವೆಂಪು ಅವರ ಮಂಥರೆ ಸಾಕ್ಷಿ. ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯದಲ್ಲಿ ಆ ಭಾಗದ ಹೆಸರೇ ‘ಮಮತೆಯ ಸುಳಿ ಮಂಥರೆ’. ಅಲ್ಲಿ ರಾಜ್ಯವೊಂದನ್ನು ಮುಳುಗಿಸುವುದು ಅತಿಯಾದ ಮಮತೆ.

ಅವನ ಹಿಂದೆ ನಿಂತವರು

ಒಬ್ಬನೇ ನಿಂತ ಖಳ ನಂಬಿಕೆಗೆ ದೂರ. ಅಣ್ಣನ ಕೆಲಸ ಸಾಗಲು ಎಷ್ಟು ಜನ ಬೇಕು ನೋಡಿ: ಕಾಗದ ಸಿದ್ಧಪಡಿಸಿ, “ಹೆಣ್ಣುಮಕ್ಕಳದ್ದು ಮೊದಲೇ ಕ್ಲಿಯರ್ ಮಾಡ್ಕೊಳ್ಳಿ” ಎಂದು ಸಲಹೆ ಕೊಡುವ ಪತ್ರ ಬರಹಗಾರ, ಸಾಕ್ಷಿ ಹಾಕುವ ಚಿಕ್ಕಪ್ಪ, ಲೇಔಟ್ ಮಾಡಲು ಮುಂಗಡದೊಂದಿಗೆ ಕಾಯುತ್ತಿರುವ ವ್ಯಾಪಾರಿ, “ಮದುವೆಗೆ ಅಷ್ಟೆಲ್ಲ ಖರ್ಚು ಮಾಡಿದ್ದು ಮತ್ತೇನು” ಎನ್ನುವ ಊರಿನ ಹಿರಿಯರು. ಇವರಲ್ಲಿ ಯಾರೂ ತಮ್ಮನ್ನು ಕೆಟ್ಟವರೆಂದು ಭಾವಿಸಿಲ್ಲ. ಎಲ್ಲರಿಗಿಂತ ಕಷ್ಟದ ಪಾತ್ರ ಅಮ್ಮನದು. ಅವಳಿಗೆ ವಿಷಯ ಗೊತ್ತು, ಮಗಳ ಮೇಲೆ ಪ್ರೀತಿಯಿದೆ, ಆದರೆ ಉಳಿದ ದಿನಗಳನ್ನು ಕಳೆಯಬೇಕಾಗಿರುವುದು ಮಗನ ಮನೆಯಲ್ಲಿ. ಅವಳು ಸುಮ್ಮನಿರುತ್ತಾಳೆ. ಈ ಸುಮ್ಮನಿರುವಿಕೆಗೆ ಒಂದು ಪೂರ್ಣ ಅಧ್ಯಾಯವನ್ನು ಕೊಡಲು ಹಿಂಜರಿಯಬೇಡಿ. ಖಳನು ತನ್ನ ಕಾಲಿನ ಕೆಳಗಿನ ನೆಲವನ್ನು ತಾನೇ ಹಾಕಿಕೊಂಡಿರುವುದಿಲ್ಲ; ಆ ನೆಲವನ್ನು ತೋರಿಸದ ಕಾದಂಬರಿಯಲ್ಲಿ ಅನ್ಯಾಯ ಒಬ್ಬ ವ್ಯಕ್ತಿಯ ಕೆಟ್ಟ ಬುದ್ಧಿಗೆ ಇಳಿದುಬಿಡುತ್ತದೆ, ಮತ್ತು ಓದುಗರು ತಮ್ಮ ಮನೆಯ ಕಪಾಟಿನಲ್ಲಿರುವ ಇಂಥದ್ದೇ ಕಾಗದವನ್ನು ನೆನೆಯದೆ ಪುಸ್ತಕ ಮುಚ್ಚುತ್ತಾರೆ.

ಬುದ್ಧಿ ಮತ್ತು ತಪ್ಪು

ನಾಯಕಿ ಗೆಲ್ಲಬೇಕೆಂದು ಕೊನೆಯ ಅಧ್ಯಾಯಗಳಲ್ಲಿ ಖಳನನ್ನು ದಡ್ಡನನ್ನಾಗಿ ಮಾಡುವುದು ಎಲ್ಲಕ್ಕಿಂತ ಸಾಮಾನ್ಯವಾದ ದೋಷ. ಮುನ್ನೂರು ಪುಟ ಎಚ್ಚರದಿಂದಿದ್ದವನು ಮುನ್ನೂರ ಹತ್ತನೆಯ ಪುಟದಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡುಬಿಡುತ್ತಾನೆ. ಇದನ್ನು ತಪ್ಪಿಸಲು ಲೇಖಕರು ಖಳನ ಕ್ಷೇತ್ರವನ್ನು ಅವನಷ್ಟೇ ತಿಳಿದಿರಬೇಕು. ವಂಚನೆಯಿಂದ ಬರೆಸಿಕೊಂಡ ಪತ್ರವನ್ನು ರದ್ದುಪಡಿಸಲು, ವಂಚನೆ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕೆಂದು ಕಾಲಮಿತಿ ಕಾಯ್ದೆ ಹೇಳುತ್ತದೆ. ಅಣ್ಣನಿಗೆ ಇದು ಗೊತ್ತಿದ್ದರೆ ಅವನು ಜಗಳವಾಡುವುದಿಲ್ಲ, ಕಾಲ ತಳ್ಳುತ್ತಾನೆ. “ಜಾತ್ರೆ ಮುಗೀಲಿ, ಕೂತು ಮಾತಾಡೋಣ”, “ಅಮ್ಮನ ಆಪರೇಷನ್ ಆಗಲಿ”, “ನಿನ್ನ ಮಗಳ ಕಾಲೇಜಿನ ಫೀಸು ನಾನೇ ಕಟ್ತೀನಿ, ಚಿಂತೆ ಬಿಡು”. ಪ್ರತಿಯೊಂದು ಒಳ್ಳೆಯ ಮಾತೂ ತಂಗಿಯ ಆ ಮೂರು ವರ್ಷಗಳಿಂದ ಕೆಲವು ತಿಂಗಳುಗಳನ್ನು ಕಳೆಯುತ್ತದೆ. ಫೀಸು ನಿಜವಾಗಿಯೂ ಕಟ್ಟುತ್ತಾನೆ. ಅದರಲ್ಲಿ ಪ್ರೀತಿ ಇಲ್ಲವೆಂದು ಹೇಳಲೂ ಆಗುವುದಿಲ್ಲ. ಖಳನ ವೃತ್ತಿ, ಅವನು ಓಡಾಡುವ ಕಚೇರಿ, ಅವನು ಮುಟ್ಟುವ ಕಾಗದ ಇವುಗಳ ಅಧ್ಯಯನಕ್ಕೆ ನೀವು ಕೊಟ್ಟ ಸಮಯ ಇಂಥ ಕಡೆ ಫಲ ಕೊಡುತ್ತದೆ.

ಹಾಗಾದರೆ ಅವನು ಎಲ್ಲಿ ಎಡವಬೇಕು? ತನ್ನ ಸ್ವಭಾವದಲ್ಲೇ, ಅದೂ ಅವನನ್ನು ಇಲ್ಲಿಯವರೆಗೆ ಗೆಲ್ಲಿಸಿದ ಗುಣದಲ್ಲೇ. ನಮ್ಮ ಅಣ್ಣ ಒಂದು ಚೀಟಿಯನ್ನೂ ಎಸೆಯುವವನಲ್ಲ. ತಾನು ಮಾಡಿದ ಖರ್ಚಿಗೆಲ್ಲ ಪುರಾವೆ ಬೇಕೆಂದು ಇಪ್ಪತ್ತು ವರ್ಷದ ಕಾಗದಗಳನ್ನು ಟ್ರಂಕಿನಲ್ಲಿ ಕಟ್ಟಿಟ್ಟಿದ್ದಾನೆ. ಪಂಚಾಯಿತಿಗೆ ಕುಳಿತ ದಿನ ಆ ಟ್ರಂಕನ್ನು ಹೆಮ್ಮೆಯಿಂದ ತಾನೇ ತಂದು ತೆರೆಯುತ್ತಾನೆ. ಸೊಸೈಟಿ ರಸೀದಿಗಳ ಅದೇ ಕಟ್ಟಿನಲ್ಲಿ, ತಂಗಿಯ ಹೆಸರಿನ ಹಳೆಯ ಹಾಲಿನ ಪಾಸ್‌ಬುಕ್ಕು ಇದೆ. ಅದರಲ್ಲಿ ಬೋರ್‌ವೆಲ್ ಕೊರೆಸಿದ ವಾರ ತೆಗೆದ ಹಣದ ನಮೂದಿದೆ. ಆ ಪುಸ್ತಕವನ್ನು ಅವನು ಮುಚ್ಚಿಡದಿರುವುದಕ್ಕೆ ಕಾರಣ ಸರಳ: ಅದು ತನ್ನ ವಿರುದ್ಧದ ಸಾಕ್ಷಿ ಎಂದು ಅವನಿಗೆ ಎಂದೂ ಅನ್ನಿಸಿಯೇ ಇಲ್ಲ. ಮೊದಲ ದಿನ ಬೇರೆ ಹಾಳೆಯಲ್ಲಿ ಬರೆದಿಟ್ಟ ಆ ಬಿಟ್ಟ ಬಾಬ್ತು ಹೀಗೆ ಹೊರಗೆ ಬಂದಾಗ, ಲೇಖಕರು ಅಡ್ಡಬಂದು ಅವನನ್ನು ಬೀಳಿಸಿದರೆಂದು ಯಾರೂ ಹೇಳಲಾರರು.

ಆಮೇಲೆ ಅವನಿಗೆ ಶಿಕ್ಷೆಯಾಗಬೇಕೇ, ಪಶ್ಚಾತ್ತಾಪವಾಗಬೇಕೇ ಎಂಬುದು ಆಯಾ ಕಾದಂಬರಿಗೆ ಬಿಟ್ಟದ್ದು. ನನ್ನ ಅಭಿಪ್ರಾಯದಲ್ಲಿ ಪಶ್ಚಾತ್ತಾಪ ಬಹಳ ದುಬಾರಿಯಾದದ್ದು, ಕೊನೆಯ ಪುಟದಲ್ಲಿ ಕಣ್ಣೀರಿನೊಡನೆ ಹಂಚುವಂಥದ್ದಲ್ಲ. ಪಾಸ್‌ಬುಕ್ಕನ್ನು ತಿರುವಿ ನೋಡಿದ ಅಣ್ಣ ತಲೆತಗ್ಗಿಸುವುದಕ್ಕಿಂತ, “ಹಸುವಿಗೆ ಹಿಂಡಿ ತಂದದ್ದು ಯಾರು?” ಎಂದು ಕೇಳುವುದು ಅವನ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ. ಅವನಿಗೆ ಅರ್ಥವಾಗದಿದ್ದರೂ ಓದುಗರಿಗೆ ಅರ್ಥವಾದರೆ ಸಾಕು.

ತಿದ್ದುವ ಹಂತಕ್ಕೆ ಬಂದಾಗ ಅವನ ಪುಟಗಳನ್ನೆಲ್ಲ ಬೇರೆಯಾಗಿ ತೆಗೆದು ಕ್ರಮವಾಗಿ ಓದಿ. ಅವನ ಕಥೆಯನ್ನೇ ಕೇಳುತ್ತಿದ್ದೇವೆ ಎನ್ನಿಸುವಷ್ಟು ಅವು ಒಂದಕ್ಕೊಂದು ಜೋಡಿಕೊಳ್ಳಬೇಕು. ಒಂದು ಭೇಟಿಯಿಂದ ಇನ್ನೊಂದು ಭೇಟಿಯ ನಡುವೆ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿರಬೇಕು. ಆಮೇಲೆ ಹಸ್ತಪ್ರತಿಯನ್ನು ನಿಮ್ಮ ಮೇಲೆ ದಾಕ್ಷಿಣ್ಯವಿಲ್ಲದ ಇಬ್ಬರಿಗೆ ಕೊಡಿ. ಸಾಧ್ಯವಾದರೆ ಒಬ್ಬರು ತವರಿನ ಪಾಲು ಕೇಳಿದವರು, ಇನ್ನೊಬ್ಬರು ತಂಗಿಗೆ ಪಾಲು ಕೊಡಬೇಕಾದವರು ಆಗಿರಲಿ. ಅವರನ್ನು ಪಾತ್ರ ಚೆನ್ನಾಗಿದೆಯೇ ಎಂದು ಕೇಳಬೇಡಿ. ಯಾವ ಸಾಲಿನಲ್ಲಿ ಅಣ್ಣ ಹೇಳುವುದೂ ಸರಿ ಎನ್ನಿಸಿತು, ಯಾವ ಸಾಲಿನಲ್ಲಿ ಇನ್ನು ಇವನ ಜೊತೆ ಬರಲಾರೆ ಎನ್ನಿಸಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿಕೊಳ್ಳಿ. ಮೊದಲ ಗುರುತು ಬೀಳದಿದ್ದರೆ ಅವನ ಅರ್ಥವನ್ನು ಮತ್ತೆ ಬರೆಯಿರಿ. ಎರಡನೆಯದು ಬೀಳದಿದ್ದರೆ ತಂಗಿಯ ಅಧ್ಯಾಯಗಳಿಗೆ ಮರಳಿ.